ಮೂಕ ಗಾಡಿಯ ಮುಳ್ಳು

ನನಗೊಂದು ಚಟವಿದೆ. ಬೀಡಿಯದಲ್ಲ, ತಂಬಾಕಿನದಲ್ಲ, ಅವೆರಡನ್ನೂ ಬಿಟ್ಟು ಊರ ಮುಂದೆಲ್ಲ ಹೇಳಿಕೊಂಡು ತಿರುಗಿದವ ನಾನು. ಇದನ್ನು ಮಾತ್ರ ಬಿಡಲಾಗಲಿಲ್ಲ. ಯಾವ ಗಾಡಿ ಹತ್ತಿದರೂ ನನ್ನ ಕತ್ತು ತಾನಾಗಿಯೇ ಮುಂದಕ್ಕೆ ಚಾಚುತ್ತದೆ. ಓಡಿಸುವವರ ಹೆಗಲ ಮೇಲಿಂದ ಅಲ್ಲಿರುವ ಮೀಟರುಗಳನ್ನು ಹುಡುಕುತ್ತದೆ. ಬಸ್ಸಿನ ಡ್ರೈವರುಗಳು ಬೈದಿದ್ದಾರೆ. ಆಟೋದವನೊಬ್ಬ ಗಾಡಿ ನಿಲ್ಲಿಸಿ, "ಯಜಮಾನ್ರ, ನೀವ ಹೊಡೀತೀರೇನ್ರಿ? ನಾ ಹಿಂದ ಕುಂದರತೇನಿ" ಎಂದಿದ್ದಾನೆ. ಮನೆಯಲ್ಲಿ ಕರೆಂಟು ಹೋದರೆ ಎಲ್ಲರೂ ಮೇಣಬತ್ತಿ ಹುಡುಕುತ್ತಾರೆ, ನಾನು ಇನ್ವರ್ಟರಿನ ಮುಂದೆ ಮೊಣಕಾಲೂರಿ ಕೂಡುತ್ತೇನೆ. ದೇವರ ಮುಂದೆ ಅಷ್ಟು ಭಕ್ತಿಯಿಂದ ಕೂತವನಲ್ಲ ಎಂದು ನನ್ನ ಹೆಂಡತಿ ಇದ್ದಾಗ ಹೇಳುತ್ತಿದ್ದಳು.

ಹೋದ ತಿಂಗಳು ಮಗಳು ಸುಮಾ ನನ್ನನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗೇಟಿನಿಂದ ಎದೆ ನೋಡುವ ಡಾಕ್ಟರರ ಕಟ್ಟಡಕ್ಕೆ ಒಂದು ಏರು. ವಯಸ್ಸಾದವರನ್ನು ಒಯ್ಯಲು ಅಲ್ಲಿ ಬ್ಯಾಟರಿ ಗಾಡಿ ಇಟ್ಟಿದ್ದಾರೆ. ಸಾಹುಕಾರರು ಗಾಲ್ಫ್ ಆಡುವ ಮೈದಾನದಲ್ಲಿ ಓಡಾಡಿಸುತ್ತಾರಲ್ಲ, ನಾಲ್ಕೂ ಕಡೆ ತೆರೆದದ್ದು, ತಲೆಯ ಮೇಲೊಂದು ಛತ್ರಿ, ಅಂಥದು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಹೆಣ್ಣುಮಗಳೊಬ್ಬಳು ಅದನ್ನು ಓಡಿಸುತ್ತಾಳೆ. ನಾನು ಹತ್ತಿದೆ. ಕತ್ತು ಚಾಚಿತು.

"ಚಾರ್ಜ್ ಎಷ್ಟೈತಬೇ ತಂಗಿ?"

"ಫುಲ್ ಐತ್ರೀ ಅಜ್ಜಾರ. ನೋಡ್ರಿ, ಎಲ್ಲಾ ಗೆರಿ ಹತ್ಯಾವು."

"ನಿಂತಾಗ ಎಲ್ಲಾರೂ ಫುಲ್ ಇರತಾರ. ಏರಿನ್ಯಾಗ ಎಷ್ಟ ತೋರಸ್ತೈತಿ, ಅದನ್ನ ಹೇಳು."

ಆಕೆ ನನ್ನನ್ನು ನೋಡಿದಳು. ಆಮೇಲೆ, ಇವರಿಗೆ ಎದೆಯದಷ್ಟೇ ತೊಂದರೆಯೋ ಅಥವಾ ಮೇಲಿನದೂ ಇದೆಯೋ ಎನ್ನುವ ಹಾಗೆ ನನ್ನ ಮಗಳನ್ನು ನೋಡಿದಳು.

"ಅಪ್ಪಾ, ಸುಮ್ಮನ ಕುಂದರ್ರಿ," ಅಂದಳು ಸುಮಾ. "ನಾವು ನಿಮ್ಮನ್ನ ತೋರಸಾಕ ಬಂದೇವಿ, ಗಾಡಿನಲ್ಲ."

ಸುಮ್ಮನೆ ಕೂಡುವುದು ನನಗೆ ಬಾರದ ವಿದ್ಯೆ. ಬಿ.ಎಸ್ಸಿ.ಯಲ್ಲಿ ಅದನ್ನು ಕಲಿಸಲಿಲ್ಲ.

ಬಿ.ಎಸ್ಸಿ. ಅಂದೆನಲ್ಲ, ಈ ಮಾತನ್ನು ಎಲ್ಲಿಯಾದರೂ ಒಂದು ಕಡೆ ತುರುಕದೆ ನಾನು ಬಿಡುವವನಲ್ಲ, ಓದುವವರು ಸಹಿಸಿಕೊಳ್ಳಬೇಕು. ನಮ್ಮ ಬೈರಿದೇವರಕೊಪ್ಪ ಆಗ ಹುಬ್ಬಳ್ಳಿಗೆ ಅಂಟಿಕೊಂಡಿರಲಿಲ್ಲ, ಜೋಳದ ಹೊಲಗಳ ನಡುವೆ ತನ್ನ ಪಾಡಿಗೆ ತಾನಿತ್ತು. ಅದರ ತುದಿಯಲ್ಲಿ ನಮ್ಮ ಕೇರಿ. ಆ ಕೇರಿಯಿಂದ ಕಾಲೇಜು ಮುಗಿಸಿ ಬಂದವರಲ್ಲಿ ನಾನೇ ಮೊದಲಿಗ. ಸಾಲೆಯ ಮೊದಲ ವರ್ಷಗಳನ್ನು ಬಾಗಿಲ ಹೊರಗೆ, ಕಟ್ಟೆಯ ಮೇಲೆ ಕೂತು ಕಳೆದೆ. ಅಲ್ಲಿಂದ ಕರಿಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧಕ್ಕೆ ಕತ್ತು ಚಾಚಬೇಕಾಗಿತ್ತು. ಮಾಸ್ತರರು ಲೆಕ್ಕವನ್ನು ಎಡಗಡೆ ಬರೆದು ಉತ್ತರವನ್ನು ಬಲಗಡೆ ಬರೆಯುತ್ತಿದ್ದರು. ಉತ್ತರ ನನಗೆ ಬಿಟ್ಟಿಯಾಗಿ ಸಿಕ್ಕ ದಿನವೇ ಇಲ್ಲ. ನನ್ನ ಚಟದ ಬೇರು ಅಲ್ಲಿಯೇ ಇರಬೇಕು ಎಂದು ಈಗ ಅನ್ನಿಸುತ್ತದೆ.

ಧಾರವಾಡದ ಕಾಲೇಜಿನಲ್ಲಿ ಮೊದಲ ಸಲ ಮೀಟರು ಮುಟ್ಟಿದೆ. ಕಪ್ಪು ಪೆಟ್ಟಿಗೆ, ಗಾಜು, ಗಾಜಿನೊಳಗೆ ಕೂದಲಿನಂಥ ಒಂದು ಮುಳ್ಳು. ಪಕ್ಕದ ಮೇಜಿನ ವಕೀಲರ ಮಗ ತಂತಿ ಹಚ್ಚಿದಾಗ ಎಷ್ಟು ಎದ್ದಿತ್ತೋ, ನಾನು ಹಚ್ಚಿದಾಗಲೂ ಅಷ್ಟೇ ಎದ್ದಿತು. ತಂತಿ ಹಚ್ಚಿದ ಕೈ ಯಾರದು ಎಂದು ಅದು ಕೇಳಲಿಲ್ಲ. ಅವತ್ತೇ ನಾನು ಮೀಟರುಗಳ ಪಕ್ಷ ಸೇರಿದೆ.

ಪಾಸಾಗಿ ಊರಿಗೆ ಬಂದಾಗ, ಹೊಸದಾಗಿ ತೋಡಿದ ಬಾವಿ ನೋಡಲು ಬರುವ ಹಾಗೆ ಜನ ನನ್ನನ್ನು ನೋಡಲು ಬಂದರು. ಎಲ್ಲರೂ ಹೋದ ಮೇಲೆ ಅವ್ವ ಕೇಳಿದಳು, "ಇಷ್ಟ ವರ್ಸ ಏನ ಕಲ್ತೆಪಾ?"

"ಕರೆಂಟಿನ ಬಗ್ಗೆ ಕಲ್ತೇನಬೇ."

ನಮ್ಮ ಮನೆಗಾಗಲಿ ಇಡೀ ಕೇರಿಗಾಗಲಿ ಆಗ ವಿದ್ಯುತ್ತು ಬಂದಿರಲಿಲ್ಲ. ಅವ್ವ ಗೋಡೆಯ ಗೂಡಿನ ದೀಪ ತೋರಿಸಿ, "ಹಂಗಾರ ಈ ಚಿಮಣಿ ಒರಸಿ ಎಣ್ಣಿ ಹಾಕು. ಬತ್ತಿ ಹೊಗಿ ಹಾಕಾಕತ್ತೈತಿ," ಅಂದಳು. ನನ್ನ ಪದವಿಯ ಮೊದಲ ಕೆಲಸ ಅದು.

ಎರಡನೆಯ ಕೆಲಸ ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿ ಸಿಕ್ಕಿತು. ವಿದ್ಯುತ್ ವಿಭಾಗದಲ್ಲಿ ಸಹಾಯಕ. ಇನ್ನೂ ಕಾಯಂ ಆಗಿರಲಿಲ್ಲ. ಬೇಡವೆನಿಸಿದರೆ ಯಾವ ದಿನವಾದರೂ ಮನೆಗೆ ಕಳಿಸಬಹುದಾಗಿತ್ತು. ಅದೇ ಗಿರಣಿಯಲ್ಲಿ ನನ್ನ ಅಪ್ಪ ದುರ್ಗಪ್ಪ, ನಾನು ಹುಟ್ಟುವ ಮೊದಲಿನಿಂದ ಎತ್ತಿನ ಗಾಡಿ ಹೊಡೆಯುತ್ತಿದ್ದ. ಗೋದಾಮಿನಿಂದ ಹತ್ತಿಯ ಬೇಲುಗಳನ್ನು ಹೇರಿ, ಅಂಗಳ ದಾಟಿಸಿ, ಒಂದು ಇಳಿಜಾರು ಹತ್ತಿಸಿ ಮೇಲಿನ ಕೋಠಿಗೆ ಮುಟ್ಟಿಸುವುದು ಅವನ ಕೆಲಸ. ಆ ಇಳಿಜಾರನ್ನು ಗಿರಣಿಯವರೆಲ್ಲ ಏರು ಎನ್ನುತ್ತಿದ್ದರು. ಅದರ ನಡುವೆ ಗೋಡೆಗೆ ಒತ್ತಿ ಒಂದು ಬೇವಿನ ಮರ.

ನಾನು ಸೇರುವ ಹೊತ್ತಿಗೆ ಎತ್ತುಗಳು ಹೋಗಿದ್ದವು. ಅವುಗಳ ಜಾಗದಲ್ಲಿ ದೊಡ್ಡ ಕಟ್ಟಿಗೆಯ ಪೆಟ್ಟಿಗೆಯೊಳಗೆ ಕೂತು ಪರದೇಶದಿಂದ ಒಂದು ಬ್ಯಾಟರಿ ಗಾಡಿ ಬಂದಿತ್ತು. ಚಪ್ಪಟೆ ಹಲಗೆ, ಕೆಳಗೆ ಬ್ಯಾಟರಿಯ ಸಾಲು, ಮುಂದೆ ಚಾಲಕ ನಿಲ್ಲಲು ಒಂದು ಮೆಟ್ಟು, ಹಿಡಿಯಲು ಒಂದು ಹಿಡಿಕೆ, ಅದರ ಪಕ್ಕದಲ್ಲಿ ಅರ್ಧಚಂದ್ರದಂಥ ಮೀಟರು. ಆ ಮೀಟರಿನಲ್ಲಿ ಹಸಿರು, ಬಿಳಿ, ಕೆಂಪು ಪಟ್ಟಿಗಳು. ಮುಳ್ಳು ಹಸಿರಿನಲ್ಲಿದ್ದರೆ ಹೊಟ್ಟೆ ತುಂಬಿದೆ, ಕೆಂಪಿಗೆ ಬಂದರೆ ಹಸಿದಿದೆ. ದಾರಿ ಬಲ್ಲವನು, ಅಂಗಳದ ತಿರುವು ಬಲ್ಲವನು ಎಂದು ಗಾಡಿಯನ್ನು ಅಪ್ಪನ ಕೈಗೇ ಕೊಟ್ಟರು.

ಗಾಡಿ ಸದ್ದೇ ಮಾಡುತ್ತಿರಲಿಲ್ಲ. ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ಹಮಾಲರು ಅದಕ್ಕೆ ಮೂಕ ಗಾಡಿ ಎಂದು ಹೆಸರಿಟ್ಟರು. ಒಂದು ದಿನ ಅದು ಹೆಡ್ ಕ್ಲಾರ್ಕರ ಧೋತರದ ಚುಂಗನ್ನು ಗಾಲಿಯಡಿ ಹಿಡಿದಿಟ್ಟುಕೊಂಡಿತು. ಅವರು ಮುಂದೆ ನಡೆದರು, ಧೋತರ ಹಿಂದೆ ಉಳಿಯಿತು. ಮರುದಿನ ಅಪ್ಪ ಮನೆಯ ಗೂಟದಿಂದ ಎತ್ತುಗಳ ಗೆಜ್ಜೆಸರ ತಂದು ಗಾಡಿಯ ಮುಂಭಾಗಕ್ಕೆ ಕಟ್ಟಿದ. ಎತ್ತು ಗಿರಣಿಯವು, ಗೆಜ್ಜೆ ಅವನದು. ಅಂದಿನಿಂದ ವಿಲಾಯತಿ ಗಾಡಿ ಝಲ್ ಝಲ್ ಎನ್ನುತ್ತ ಅಂಗಳದಲ್ಲಿ ಓಡಾಡತೊಡಗಿತು.

ಅಪ್ಪನ ಗಾಡಿಯ ಬ್ಯಾಟರಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಗಿರಣಿಯ ಗೇಟು ದಾಟಿದ ಕೂಡಲೇ ಅಪ್ಪ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದ. ಮನೆಯಲ್ಲಿ "ಲೇ ಪರಶ್ಯಾ, ಕೊಡಾ ಎತ್ತಲೇ" ಅಂದವನು ಅಲ್ಲಿ "ಬರ್ರಿ ಸಾಹೇಬ್ರ" ಅನ್ನುತ್ತಿದ್ದ. ನಾನು ಬೇಡ ಅಂದೆ. "ಮನಿ ಮನಿನ, ಗಿರಣಿ ಗಿರಣಿನ. ನಾ ನಿನಗ ಲೇ ಅಂದ್ರ ಉಳದಾವ್ರೂ ಅಂತಾರ. ಕಲ್ತದ್ದೆಲ್ಲಾ ನೀರಿಗೆ ಹೋಕ್ಕತಿ," ಅಂದ. ಹೀಗಾಗಿ ನಾನೂ ಅಲ್ಲಿ ಅವನನ್ನು ಅಪ್ಪ ಎನ್ನುವಂತಿರಲಿಲ್ಲ. "ದುರ್ಗಪ್ಪನವರ" ಎನ್ನುತ್ತಿದ್ದೆ. ಫಿಟ್ಟರ್ ಮಕ್ತುಮಸಾಬರಿಗೆ ಇದು ದಿನಾ ನಡೆಯುವ ನಾಟಕ. "ಏ, ಸುಮ್ಮನಿರ್ರಿ, ತಂದಿ ಮಗಾ ಒಬ್ಬರಿಗೊಬ್ಬರು ನಮಸ್ಕಾರ ಮಾಡಾಕತ್ತಾರ, ನೋಡೂಣು," ಎಂದು ಚಹದ ಕಪ್ಪು ಹಿಡಿದು ನಿಂತುಬಿಡುತ್ತಿದ್ದರು.

ಅಪ್ಪನಿಗೆ ಆ ಗಾಡಿ ಯಂತ್ರವೇ ಆಗಲಿಲ್ಲ. ಕಾರಹುಣ್ಣಿಮೆ ಬಂತು. ಅಂದು ಎತ್ತುಗಳಿಗೆ ನೊಗ ಹೂಡುವುದಿಲ್ಲ. ಬೆಳಿಗ್ಗೆ ಅಪ್ಪ ಗಾಡಿ ತೊಳೆದ, ಮುಂಭಾಗಕ್ಕೆ ಕೆಂಪು ಹುರಮಂಜು ಬಳಿದ, ಗೊಂಡೆ ಕಟ್ಟಿದ, ಹೋಳಿಗೆ ಎಡೆ ತೋರಿಸಿದ. ಮೀಟರಿಗೆ ಅರಿಶಿನ ಹಚ್ಚಿದ. ಹಚ್ಚಿ ಕೈಕಟ್ಟಿ ನಿಂತ. ಮ್ಯಾನೇಜರರು ಬಂದು ಬೇಲುಗಳೇಕೆ ಮೇಲೆ ಬಂದಿಲ್ಲ ಎಂದು ಕೂಗಾಡಿದರು.

"ಇವತ್ತ ಅದಕ್ಕ ಸೂಟಿರಿ ಸಾಹೇಬ್ರ."

"ಯಾರು ಕೊಟ್ರು ಸೂಟಿ?"

"ನಾನ ಕೊಟ್ಟೇನ್ರಿ," ಅಂದ ಅಪ್ಪ.

ಮ್ಯಾನೇಜರರು ಗೊಂಡೆ ಕಟ್ಟಿದ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಆಫೀಸಿಗೆ ಹಿಂದಿರುಗಿದರು. ಅಂದು ಹಮಾಲರು ಬೇಲುಗಳನ್ನು ಉರುಳಿಸಿಕೊಂಡೇ ಮೇಲೆ ಒಯ್ದರು. ಮುಂದೆ ಬಹಳ ದಿನ ನಾನು ಹಳದಿ ಗಾಜಿನೊಳಗೆ ಮುಳ್ಳು ಹುಡುಕಿದೆ. ಹಸಿರೂ ಹಳದಿ, ಕೆಂಪೂ ಹಳದಿ.

ನನ್ನ ಖೋಲಿ ಅಂಗಳದ ಈ ತುದಿಯಲ್ಲಿತ್ತು. ಏರು ಆ ತುದಿಯಲ್ಲಿ. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ದಿನವಿಡೀ ಆ ಗೆಜ್ಜೆಯ ಮೇಲೆ ಕಿವಿ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದೆ. ಝಲ್ ಝಲ್ ಎಂದು ಅಂಗಳ ದಾಟುವುದು, ಏರಿಗೆ ಬಂದಾಗ ಸದ್ದು ನಿಧಾನವಾಗುವುದು, ಆಮೇಲೆ ನಿಂತುಬಿಡುವುದು. ಮೊದಮೊದಲು ಇದನ್ನು ಗಮನಿಸಿರಲಿಲ್ಲ. ಎರಡನೆಯ ವರ್ಷದ ಬೇಸಿಗೆಯಲ್ಲಿ ಗೆಜ್ಜೆ ಪ್ರತಿ ಸಲವೂ ನಡುದಾರಿಯಲ್ಲಿ ನಿಲ್ಲತೊಡಗಿತು. ನಿಂತಿತೆಂದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಓಡುತ್ತಿದ್ದೆ. ಗಾಡಿ ಕೆಟ್ಟರೆ ಬ್ಯಾಟರಿ ನೋಡುವವನ ತಲೆಗೆ ಬರುತ್ತದೆ, ಕಾಯಂ ಆಗುವುದು ದೂರದ ಮಾತಾಗುತ್ತದೆ. ಇದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದ ಕಾರಣ.

ಹೋಗಿ ನೋಡಿದರೆ ಗಾಡಿ ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು. ಗಾಲಿಗೆ ಕಲ್ಲು ಕೊಟ್ಟು ಅಪ್ಪ ಪಕ್ಕದ ಕಟ್ಟೆಯ ಮೇಲೆ ಕೂತು ತಲೆಯ ಪಟಕಾದಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ಯಾಕ್ರಿ ದುರ್ಗಪ್ಪನವರ, ನಿಂತ್ರಿ?"

"ಗಾಡಿಗೆ ದಮ್ಮ ಬೇಕ್ರಿ ಸಾಹೇಬ್ರ. ಮುಳ್ಳ ನೋಡ್ರಿ, ಕೆಂಪಿಗೆ ಬಂದಿತ್ತು. ಈಗ ಹೆಂಗ ಎದ್ದೈತಿ."

ನಿಜವೇ. ನನ್ನ ಕಣ್ಣ ಮುಂದೆಯೇ ಮುಳ್ಳು ಕೆಂಪಿನ ಅಂಚಿನಿಂದ ಮೆಲ್ಲಗೆ ಏಳುತ್ತಿತ್ತು. ಬಿಳಿ ದಾಟಿ ಹಸಿರಿನ ಕಡೆ ಸರಿಯುತ್ತಿತ್ತು. ಯಾರೂ ಏನನ್ನೂ ತುಂಬಿಸಿಲ್ಲ, ತಂತಿ ಹಚ್ಚಿಲ್ಲ. ಸುಮ್ಮನೆ ನಿಂತದ್ದಕ್ಕೆ ಹೊಟ್ಟೆ ತುಂಬುತ್ತಿತ್ತು. ಅಪ್ಪನಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಎತ್ತೂ ಹಾಗೆಯೇ. ಏರಿನಲ್ಲಿ ನಿಲ್ಲಿಸು, ಮೈ ಸವರು, ಮತ್ತೆ ಎಳೆಯುತ್ತದೆ.

ಇನ್ನೊಂದು ಮಾತು. ಏರು ಬಂದ ಕೂಡಲೇ ಅಪ್ಪ ಗಾಡಿಯಿಂದ ಕೆಳಗಿಳಿಯುತ್ತಿದ್ದ. ಅದರ ಪಕ್ಕದಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯನ್ನು ಹೇರಿದ ಬೇಲುಗಳಿಗೆ ಕೊಟ್ಟು ಮೇಲಿನವರೆಗೂ ನಡೆಯುತ್ತಿದ್ದ. ಗಾಡಿ ಹೊಡೆಯುವವರ ರೀತಿ ಅದು. ಎತ್ತು ಜೀವ ಹಾಕಿ ಏರು ಎಳೆಯುವಾಗ ಹೊಡೆಯುವವ ಮೇಲೆ ಕೂಡುವುದಿಲ್ಲ. "ಅದು ಎತ್ತಲ್ಲರಿ, ನೀವೊಬ್ರು ಮ್ಯಾಲೆ ನಿಂತ್ರ ಅದಕ್ಕೇನೂ ಆಗೂದಿಲ್ಲ," ಎಂದು ನಾನು ವೋಲ್ಟು, ಆಂಪಿಯರುಗಳ ಲೆಕ್ಕ ಹೇಳಿದೆ. ಅಪ್ಪ ಪೂರ್ತಿ ಕೇಳಿದ. ಕೇಳಿ, "ಏರಿನ್ಯಾಗ ಮ್ಯಾಲೆ ಕುಂದ್ರೂದಂದ್ರ ನಾಚಿಕಿ ಬರತೈತ್ರಿ," ಅಂದ. ನಾಚಿಕೆಗೆ ನನ್ನ ಪುಸ್ತಕದಲ್ಲಿ ಮಾಪನವಿರಲಿಲ್ಲ.

ಅದೇ ಬೇಸಿಗೆಯಲ್ಲಿ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ನಿಮ್ಮಪ್ಪ ಬಾವಿಯಿಂದ ಬರೂವಾಗ ನಡುವ ಕುಂದರತಾನ. ಕೇಳಿದ್ರ ಚಪ್ಲಿಯೊಳಗ ಕಲ್ಲ ಸಿಕ್ಕೈತಿ ಅಂತಾನ. ದಿನಾ ಕಲ್ಲ ಸಿಗತೈತೇನ?"

ನಾನು ಅಪ್ಪನನ್ನು ಬಿಡಲಿಲ್ಲ. ಕೊನೆಗೆ ಗಿರಣಿಯ ದವಾಖಾನೆಗೆ ಬರಲು ಒಪ್ಪಿದ, ಮಗನ ಮೇಲೆ ದೊಡ್ಡ ಉಪಕಾರ ಮಾಡುವವನಂತೆ. ಡಾಕ್ಟರರು ಬರುವುದು ತಡವಾಯಿತು. ಉದ್ದ ಬೆಂಚಿನ ಮೇಲೆ ಫ್ಯಾನಿನ ಕೆಳಗೆ ಅಪ್ಪ ಆರಾಮಾಗಿ ಕೂತ, ಪಕ್ಕದವರೊಡನೆ ಮಳೆಯ ಮಾತಾಡಿದ, ನೀರು ಕುಡಿದ, ಸ್ವಲ್ಪ ಕಣ್ಣು ಮುಚ್ಚಿದ. ನಾನು ಮಾತ್ರ ಬಾಗಿಲಿಗೂ ಗೋಡೆಗೂ ಅಡ್ಡಾಡುತ್ತಿದ್ದೆ. ಡಾಕ್ಟರರು ಬಂದು ಎದೆಗೆ ನಳಿಗೆ ಹಚ್ಚಿ ಕೇಳಿದರು, ನಾಡಿ ಹಿಡಿದರು. "ಇವರಿಗೇನೂ ಆಗಿಲ್ಲ. ಗಟ್ಟಿ ಮನಶ್ಯಾ. ಬೇಕಂದ್ರ ನಿನಗೊಂದು ಔಷಧ ಬರದ ಕೊಡತೇನಿ, ನಿನ್ನ ಮುಖಾನ ನೆಟ್ಟಗಿಲ್ಲ," ಎಂದು ನಕ್ಕರು.

ಹೊರಗೆ ಬಂದ ಮೇಲೆ ಅಪ್ಪನ ನಡಿಗೆಯೇ ಬೇರೆ. ಊರ ತನಕ ಎದುರಾದವರಿಗೆಲ್ಲ ಹೇಳಿದ. "ಡಾಕ್ಟರ ಗಟ್ಟಿ ಅಂದಾರ. ನನ್ನ ಮಗಗ ಔಷಧಾ ಬರದಾರ."

ನನಗೂ ಸಮಾಧಾನವಾಯಿತೆನ್ನಿ. ಮನಸ್ಸನ್ನೆಲ್ಲ ಗಾಡಿಯ ಕಡೆ ತಿರುಗಿಸಿದೆ. ಏಕೆಂದರೆ ಅದು ಒಂದು ದಿನ ಬೇಲು ಹೇರಿಕೊಂಡು ಏರಿನ ನಡುವೆ ನಿಂತದ್ದು, ಎಷ್ಟು ದಮ್ಮು ಕೊಟ್ಟರೂ ಏಳಲಿಲ್ಲ. ಹಮಾಲರು ತಳ್ಳಿ ಮೇಲೆ ಹತ್ತಿಸಿದರು. ಮ್ಯಾನೇಜರರು ನನ್ನನ್ನು ಕರೆಸಿ ಹೇಳಿದರು. ಗಾಡಿ ಹೀಗೆಯೇ ನಿಂತರೆ ಮಾರಿಬಿಡುತ್ತೇವೆ, ಎತ್ತು ತರುತ್ತೇವೆ. ಎತ್ತು ಬಂದರೆ ಅಪ್ಪ ಅಂಗಳದುದ್ದಕ್ಕೂ ಅವುಗಳ ಜೊತೆ ನಡೆಯಬೇಕು. ಆ ಮಾತು ಆಗ ಯಾಕೆ ನನ್ನನ್ನು ಅಷ್ಟು ಚುಚ್ಚಿತೋ! ಡಾಕ್ಟರರು ಗಟ್ಟಿ ಅಂದಿದ್ದರಲ್ಲ.

ಬೆಳಿಗ್ಗೆ ಶೆಡ್ಡಿನಲ್ಲಿ ನೋಡಿದರೆ ಮುಳ್ಳು ಹಸಿರಿನ ತುದಿಯಲ್ಲಿ. ಬ್ಯಾಟರಿಯ ಒಂದೊಂದು ಕೋಶಕ್ಕೂ ತಂತಿ ಹಚ್ಚಿ ನೋಡಿದೆ. ಎಲ್ಲವೂ ಜಾಣ ಮಕ್ಕಳ ಹಾಗೆ ಒಂದೇ ಉತ್ತರ ಹೇಳಿದವು. ತಪ್ಪು ಎಲ್ಲಿದೆ? ಊಟ ಸೇರಲಿಲ್ಲ. ಮೀಟರು ಸುಳ್ಳು ಹೇಳುತ್ತಿದೆಯೇ ಎಂದು ಅದನ್ನೇ ಬಿಚ್ಚಿ ಕಾಲೇಜಿನ ಮೀಟರಿನ ಜೊತೆ ಹೋಲಿಸಲು ಧಾರವಾಡದ ತನಕ ಹೋಗಿ ಬಂದೆ. ಮೀಟರು ಖರೇ ಇತ್ತು. ಮರಳಿ ಬರುವ ಬಸ್ಸಿನಲ್ಲಿ, ಡ್ರೈವರನ ಹೆಗಲ ಮೇಲೆ ಕತ್ತು ಚಾಚಿಕೊಂಡಿದ್ದಾಗ ಹೊಳೆಯಿತು: ನಾನು ಅದನ್ನು ಕೇಳುವ ಹೊತ್ತೇ ತಪ್ಪು. ಭಾರವಿಲ್ಲದಾಗ ಹೇಗಿದ್ದೀ ಎಂದು ಕೇಳಿದರೆ ಯಾವ ಬ್ಯಾಟರಿಯಾದರೂ ಆರಾಮ ಎಂದೇ ಹೇಳುತ್ತದೆ.

ಮರುದಿನ ಗಾಡಿಗೆ ಬೇಲು ಹೇರಿಸಿದೆ. ಮಕ್ತುಮಸಾಬರು ಬ್ಯಾಟರಿಯ ಮುಚ್ಚಳ ಎತ್ತಿ ಹಿಡಿದುಕೊಂಡು ಒಂದು ಕಡೆ, ನಾನು ಎರಡು ತಂತಿ ಹಿಡಿದು ಬಗ್ಗಿಕೊಂಡು ಇನ್ನೊಂದು ಕಡೆ, ನಡುವೆ ಗಾಡಿ, ಮುಂದೆ ಅಪ್ಪ. ಹೀಗೆ ಎಲ್ಲರೂ ಒಟ್ಟಿಗೆ ಏರು ಹತ್ತಿದೆವು. ನಾನು ಏಡಿಯ ಹಾಗೆ ಅಡ್ಡಡ್ಡ ಓಡುತ್ತ ಒಂದೊಂದೇ ಕೋಶಕ್ಕೆ ತಂತಿ ಹಚ್ಚುತ್ತಿದ್ದೆ. ಹಮಾಲರು ಕೆಲಸ ಬಿಟ್ಟು ನಿಂತರು.

"ಸಾಹೇಬ್ರ, ಗಾಡಿದು ಹಾಲ ಕರೀತೀರೇನ್ರಿ?" ಎಂದೊಬ್ಬ ಕೂಗಿದ.

"ಕರದ್ರ ಮೊದಲ ಗ್ಲಾಸ್ ನಿನಗ," ಅಂದರು ಮಕ್ತುಮಸಾಬರು.

ಸಿಕ್ಕಿತು. ಎರಡು ಕೋಶಗಳು ಏರಿನಲ್ಲಿ ನೆಲ ಹಿಡಿಯುತ್ತಿದ್ದವು. ಏರಿನಲ್ಲಿ ಮುಳ್ಳು ಬೀಳುವುದು ತಪ್ಪಲ್ಲ. ಒಳ್ಳೆಯ ಬ್ಯಾಟರಿಯದೂ ಬೀಳುತ್ತದೆ. ಎಷ್ಟು ಬಿತ್ತು, ಏಳಲು ಎಷ್ಟು ಹೊತ್ತು ತೆಗೆದುಕೊಂಡಿತು ಎನ್ನುವುದನ್ನು ನೋಡಬೇಕು. ಒಳ್ಳೆಯದು ತುಸು ತಗ್ಗಿ, ಭಾರ ಇಳಿದ ಕೂಡಲೇ ಎದ್ದು ನಿಲ್ಲುತ್ತದೆ. ದಣಿದದ್ದು ಆಳಕ್ಕೆ ಬಿದ್ದು, ಮೇಲೆ ಬರಲು ತಡಮಾಡುತ್ತದೆ. ಬಂದ ಮೇಲೆ ಮಾತ್ರ ಏನೂ ಆಗೇ ಇಲ್ಲವೆಂಬಂತೆ ಹಸಿರಿನಲ್ಲಿ ಕೂತಿರುತ್ತದೆ. ಹೊಸ ಕೋಶಗಳನ್ನು ತರಿಸಿದರು. ಹಾಕಿದ ದಿನ ಗಾಡಿ ಬೇಲುಗಳನ್ನು ಹೂವಿನ ಹಾಗೆ ಹೊತ್ತುಕೊಂಡು ಏರು ಹತ್ತಿತು. ಮುಳ್ಳು ಬಿಳಿಯ ಅಂಚನ್ನು ಮುಟ್ಟಿ ಹಿಂದೆ ಬಂತು. ಮ್ಯಾನೇಜರರು ನನ್ನ ಬೆನ್ನು ತಟ್ಟಿದರು. ಮಕ್ತುಮಸಾಬರು ಚಹ ಹೇಳಿದರು. ನಾನು ನನ್ನ ಖೋಲಿಗೆ ಹಿಂದಿರುಗಿ, ಬಹಳ ದಿನಗಳ ಮೇಲೆ ಕುರ್ಚಿಗೆ ಬೆನ್ನು ಹಚ್ಚಿ ಕೂತೆ.

ಝಲ್ ಝಲ್. ಗಾಡಿ ಅಂಗಳ ದಾಟಿತು. ಏರಿಗೆ ಬಂತು. ನಿಧಾನವಾಯಿತು.

ನಿಂತಿತು.

ನನ್ನ ಬೆನ್ನು ಕುರ್ಚಿಯಿಂದ ಎದ್ದಿತು. ಓಡಿದೆ. ಬೇವಿನ ಮರದ ಕೆಳಗೆ ಅದೇ ಗಾಡಿ, ಗಾಲಿಗೆ ಅದೇ ಕಲ್ಲು, ಕಟ್ಟೆಯ ಮೇಲೆ ಅಪ್ಪ.

"ಯಾಕ್ರಿ ನಿಂತ್ರಿ?"

ಅಪ್ಪ ಪಟಕಾದಿಂದ ಮುಖ ಒರೆಸಿಕೊಂಡ. ಆಮೇಲೆ, "ಗಾಡಿಗೆ ದಮ್ಮ ಬೇಕ್ರಿ ಸಾಹೇಬ್ರ," ಅಂದ.

ನಾನು ಮೀಟರು ನೋಡಿದೆ. ಮುಳ್ಳು ಹಸಿರಿನಲ್ಲಿ ನೆಟ್ಟಗೆ ನಿಂತಿತ್ತು. ಗಾಡಿ ಬಿಸಿಯೂ ಆಗಿರಲಿಲ್ಲ. ಅಪ್ಪನನ್ನು ನೋಡಿದೆ. ತುಟಿಯ ಸುತ್ತ ಬೂದಿ ಬಣ್ಣ, ಅಂಗಿಯ ಗುಂಡಿ ಎದೆಯ ಮೇಲೆ ಏರಿ ಇಳಿಯುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ಬಣ್ಣ ಮೆಲ್ಲಗೆ ತಿಳಿಯಾಯಿತು, ಉಸಿರು ಹದಕ್ಕೆ ಬಂತು, ಅಪ್ಪ ಎದ್ದು ನಿಂತು ಕಲ್ಲು ಸರಿಸಿದ. "ನಡೀತೈತಿ ಈಗ," ಅಂದ. ಈಗ ಅವನನ್ನು ಯಾರಿಗೆ ತೋರಿಸಿದರೂ ಗಟ್ಟಿ ಎಂದೇ ಹೇಳುತ್ತಿದ್ದರು.

ಅಂದು ಉಳಿದ ಹೊತ್ತನ್ನು ಹೇಗೆ ಕಳೆದೆನೋ! ಗೆಜ್ಜೆ ನಿಂತಾಗಲೆಲ್ಲ ಎದ್ದು ನಿಂತೆ, ಮತ್ತೆ ಕೂತೆ. ಮನೆಯ ದಾರಿಯಲ್ಲಿ ಕೇಳಿದೆ, "ಅಪ್ಪಾ, ಯಾವಾಗಿನಿಂದ ಹಿಂಗ ಆಗತೈತಿ?"

"ಏನ ಆಗತೈತಿ?"

"ದಮ್ಮು."

ಅಪ್ಪ ಹಿಂದೆ ಮುಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಆಮೇಲೆ, "ಲೇ ಪರಶ್ಯಾ, ನೀ ಕಾಯಂ ಆಗೂತನಕ ಸುಮ್ಮನಿರು. ನನ್ನ ಹೊರಗ ಹಾಕಿದ್ರ, ನಿನಗೂ ಹೋಗು ಅಂದ್ರ ಏನ ಮಾಡ್ತಿ? ದಮ್ಮಿನ ಸುದ್ದಿ ಗಾಡಿದು ಅಂತನ ಇರ್ಲಿ," ಅಂದ.

ನಾನು ಸುಮ್ಮನಿರುವವನಲ್ಲ ಎಂದು ಮೊದಲೇ ಹೇಳಿದೆನಲ್ಲ.

ಡಾಕ್ಟರರು ಮುಂದೆ ಗಿರಣಿಗೆ ಬಂದ ದಿನ ಅವರು ಕುರ್ಚಿಯಲ್ಲಿ ಕೂಡುವ ಮೊದಲೇ ಎದುರಿಗೆ ಹೋಗಿ ನಿಂತೆ. "ಸರ, ಇಲ್ಲಿ ಬ್ಯಾಡ. ಏರಿನ ಕಡೆ ಬರಬೇಕು. ನಳಿಗಿ ತಗೊಂಡು ಬರ್ರಿ."

"ಅಲ್ಲಿ ಯಾರಿಗೇನಾತು?"

"ಆಗಿಲ್ಲರಿ. ಆಗೂವಾಗ ನೋಡ್ರಿ ಅಂತ."

ಅವರಿಗೆ ಏನನ್ನಿಸಿತೋ, ಬಂದರು. ಬೇವಿನ ಮರದ ಹಿಂದೆ ನಿಂತರು. ಝಲ್ ಝಲ್ ಕೇಳಿತು. ಬೇಲು ಹೊತ್ತ ಗಾಡಿ, ಪಕ್ಕದಲ್ಲಿ ಹಿಡಿಕೆ ಹಿಡಿದ ಅಪ್ಪ. ಬಗ್ಗಿದ ತಲೆ, ಎಣಿಸಿಟ್ಟಂತೆ ಹೆಜ್ಜೆ. ಮರದ ಹತ್ತಿರ ಬಂದ. ಗಾಲಿಗೆ ಕಲ್ಲು ಕೊಟ್ಟ. ಕಟ್ಟೆಗೆ ಕೈ ಚಾಚಿದ.

"ಅಪ್ಪಾ, ಕೂಡಬ್ಯಾಡ!"

ಎಲ್ಲ ಹಮಾಲರ ಎದುರಿಗೆ, ಗಿರಣಿಯ ಅಂಗಳದಲ್ಲಿ ನಾನು ಅವನನ್ನು ಅಪ್ಪ ಎಂದದ್ದು ಅದೇ ಮೊದಲು. ಅಪ್ಪ ಕೂಡಲಿಲ್ಲ. ಡಾಕ್ಟರರನ್ನು ಕಂಡ, ನನ್ನನ್ನು ಕಂಡ. ಆ ನೋಟವನ್ನು ನಾನು ಬರೆಯಲಾರೆ. ಡಾಕ್ಟರರು ನಿಂತಲ್ಲಿಯೇ ಅಂಗಿಯ ಗುಂಡಿ ಬಿಚ್ಚಿ ನಳಿಗೆ ಇಟ್ಟರು. ಕೇಳಿದರು, ಕೇಳಿದರು, ಬೆನ್ನ ಕಡೆ ಬಂದು ಮತ್ತೆ ಕೇಳಿದರು. ನಗಲಿಲ್ಲ. "ಇವತ್ತ ಮನಿಗೆ ನಡಸಬ್ಯಾಡ. ಟಾಂಗಾ ಮಾಡು," ಎಂದಷ್ಟೇ ಅಂದರು.

ಎದೆ ದಣಿದಿತ್ತು. ದೊಡ್ಡ ಆಸ್ಪತ್ರೆ, ಗುಳಿಗೆ, ಉಪ್ಪಿಲ್ಲದ ರೊಟ್ಟಿ-ಪಲ್ಯ. ಮನೆಯಲ್ಲಿ ಅಪ್ಪ ನನ್ನೊಡನೆ ಮಾತು ಬಿಟ್ಟ. ಬಿಟ್ಟ ಎಂದರೆ ಅವ್ವನ ಮೂಲಕ ಆಡಿದ. "ಸಾಹೇಬ್ರಿಗೆ ಹೇಳು, ಪಲ್ಯಾಕ್ಕ ಉಪ್ಪಿಲ್ಲಂತ." ಮನೆಯಲ್ಲಿಯೂ ನಾನು ಸಾಹೇಬನಾದದ್ದು ಆ ದಿನಗಳಲ್ಲಿ ಮಾತ್ರ. ಅದರಷ್ಟು ಕೆಟ್ಟ ಮರ್ಯಾದೆ ನನಗೆ ಯಾರೂ ಕೊಟ್ಟಿಲ್ಲ.

ಅಪ್ಪ ಅಂಜಿದ ಹಾಗೆ ಆಗಲಿಲ್ಲ. ನನ್ನನ್ನು ಕಾಯಂ ಮಾಡಿದರು. ಅಪ್ಪ ಸುಧಾರಿಸಿಕೊಂಡ ಮೇಲೆ ಗಾಡಿ ಓಡಿಸಬಹುದು, ಆದರೆ ಏರಿನಲ್ಲಿ ಇಳಿದು ನಡೆಯುವಂತಿಲ್ಲ ಎಂದು ಡಾಕ್ಟರರು ಕರಾರು ಹಾಕಿದರು. ಅಪ್ಪನಿಗೆ ಗುಳಿಗೆಗಿಂತ ಈ ಕರಾರು ಕಹಿಯಾಯಿತು. ಮೊದಲ ದಿನ ನಾನು ಏರಿನ ಬುಡದಲ್ಲಿ ನಿಂತು ನೋಡಿದೆ. ಗಾಡಿ ಏರಿಗೆ ಬಂತು. ಅಪ್ಪನ ಒಂದು ಕಾಲು ಅಭ್ಯಾಸದಂತೆ ಕೆಳಗಿಳಿಯಿತು. ನನ್ನನ್ನು ನೋಡಿ ಅದನ್ನು ಮೇಲಕ್ಕೆತ್ತಿಕೊಂಡ. ಮೆಟ್ಟಿನ ಮೇಲೆ ನೆಟ್ಟಗೆ ನಿಂತು, ಬಗ್ಗಿ ಗಾಡಿಯ ಹಲಗೆಯನ್ನು ಸವರಿದ. "ತಪ್ಪ ತಿಳ್ಕೊಬ್ಯಾಡವಾ ತಾಯಿ, ಇಂವಾ ಬಿಡವಲ್ಲ," ಅಂದ. ಗಾಡಿ ಹತ್ತಿತು. ಗೆಜ್ಜೆ ನಿಲ್ಲಲಿಲ್ಲ. ನಾನು ಖೋಲಿಗೆ ಬಂದರೂ ಕೂಡಲಿಲ್ಲ. ಸದ್ದು ಮೇಲಿನ ಕೋಠಿ ಮುಟ್ಟುವ ತನಕ ನಿಂತೇ ಕೇಳಿದೆ. ಆಮೇಲೆ ಅಪ್ಪ ಬಹಳ ವರ್ಷ ಇದ್ದ, ಮೊಮ್ಮಗಳು ಸುಮಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದೇ ಗೆಜ್ಜೆಸರ ಅಲ್ಲಾಡಿಸುವಷ್ಟು.

ಈ ಕತೆಯನ್ನು ಸುಮಾಳಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳಬಾರದಾಗಿತ್ತು.

ಏಕೆಂದರೆ ಆಸ್ಪತ್ರೆಯ ಗಾಡಿ ಹತ್ತಿದಾಗ ನನ್ನದೊಂದು ಲೆಕ್ಕವಿತ್ತು. ಗೇಟಿನಿಂದ ಮೇಲಿನವರೆಗೆ ಗಾಡಿ ಒಯ್ಯುತ್ತದೆ. ಅಲ್ಲಿ ತಂಪು ಕೋಣೆ, ಮೆತ್ತನೆಯ ಕುರ್ಚಿ, ಸರದಿ ಬರುವ ತನಕ ಆರಾಮ. ಒಳಗೆ ಹೋಗುವ ಹೊತ್ತಿಗೆ ನನ್ನ ಎಲ್ಲ ಗೆರೆಗಳೂ ಹತ್ತಿರುತ್ತವೆ. ಡಾಕ್ಟರರು ಗಟ್ಟಿ ಇದ್ದಾರೆ ಅನ್ನುತ್ತಾರೆ, ಸಂಜೆಯ ಮಿರ್ಚಿ ಭಜಿಗೆ ಅಡ್ಡಿಯಿರುವುದಿಲ್ಲ.

ಗಾಡಿ ಏರಿಗೆ ಬಂತು. ನಾನು ಕತ್ತು ಚಾಚಿದ್ದೆ; ಒಂದು ಗೆರೆ ಆರಿತು, ಎರಡನೆಯದು ಮಿಣುಕಿತು.

"ಅಕ್ಕಾರ, ಇಲ್ಲೇ ನಿಂದರಸ್ರಿ," ಅಂದಳು ಸುಮಾ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪಾ, ಇಳೀರಿ. ನಡಕೋತ ಹೋಗೂಣು. ಡಾಕ್ಟರಿಗೆ ಫೋನ್ ಮಾಡಿ ಹೇಳೇನಿ, ಬಂದ ಕೂಡ್ಲೇ ನೋಡ್ತಾರ. ಕುರ್ಚಿ ಪುರ್ಚಿ ಏನಿಲ್ಲ."

ಆಕೆಯ ಮುಖ ನೋಡಿದೆ. ವಾದ ಮಾಡುವ ಮುಖವಲ್ಲ. ನಿದ್ದೆಗೆಟ್ಟ ಮುಖ, ಎಷ್ಟು ದಿನದಿಂದ ನನ್ನ ಮೇಲೆ ಕಿವಿ ಇಟ್ಟುಕೊಂಡು ಕೂತಿದ್ದಾಳೋ! ಇಳಿದೆ. ಖಾಕಿ ಅಂಗಿಯ ಹೆಣ್ಣುಮಗಳು ಏನೂ ತಿಳಿಯದೆ, ಖಾಲಿ ಗಾಡಿಯನ್ನು ನಮ್ಮ ಪಕ್ಕದಲ್ಲಿಯೇ ನಡಿಗೆಯ ವೇಗದಲ್ಲಿ ಬಿಟ್ಟುಕೊಂಡು ಬಂದಳು. ಒಂದು ಕೈ ಮಗಳ ಹೆಗಲಿಗೆ, ಇನ್ನೊಂದು ಕೈ ಗಾಡಿಯ ಕಂಬಕ್ಕೆ ಕೊಟ್ಟು ಹತ್ತಿದೆ. ಸದ್ದಿಲ್ಲದ ಗಾಡಿ. ಗೆಜ್ಜೆ ಇರಬೇಕಿತ್ತು ಅನ್ನಿಸಿತು.

ನಡುವೆ ನಿಂತೆ.

"ಯಾಕ್ರಿ ಅಜ್ಜಾರ?" ಅಂದಳು ಗಾಡಿಯವಳು ಗಾಬರಿಯಾಗಿ. "ನಿಂತ್ರಿ?"

ಸುಮಾ ನನ್ನ ಮುಖವನ್ನೇ ನೋಡುತ್ತಿದ್ದಳು, ಕತ್ತು ತುಸು ಮುಂದಕ್ಕೆ ಚಾಚಿ.

ಉಸಿರು ಸಿಕ್ಕ ಮೇಲೆ ಹೇಳಿದೆ, "ಗಾಡಿಗೆ ದಮ್ಮ ಬೇಕವಾ."